ಪೆಟ್ರೋಲಿನ ಹಾದಿಯಲ್ಲಿ ತಡೆ ಎಲ್ಲಿ?

ಮೇ ತಿಂಗಳ ಒಂದು ಮಧ್ಯಾಹ್ನ. ಧರ್ಮಸ್ಥಳದ ದರ್ಶನ ಮುಗಿಸಿ ಬೆಂಗಳೂರಿಗೆ ಮರಳುತ್ತಿದ್ದ ಕುಟುಂಬವೊಂದರ ಹಳೆಯ ಕಾರು ಚಾರ್ಮಾಡಿ ಘಟ್ಟದ ತಿರುವೊಂದನ್ನು ಏರುತ್ತ ಎರಡು ಬಾರಿ ಮುಗ್ಗರಿಸಿ ನಿಂತುಬಿಟ್ಟಿತು. ಹಿಂದಿನ ಆಸನದಲ್ಲಿ ಅಜ್ಜಿ ಮತ್ತು ಇಬ್ಬರು ಮಕ್ಕಳು. ಒಂದು ಪಕ್ಕದಲ್ಲಿ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕಣಿವೆ. ಬೆನ್ನ ಹಿಂದೆ ವಾಹನಗಳ ಸಾಲು. ಮನೆಯ ಯಜಮಾನರು ಚಕ್ರಕ್ಕೆ ಕಲ್ಲೊಂದನ್ನು ಒಡ್ಡಿ ಬಾನೆಟ್ಟು ಎತ್ತಿದರು. ಅಷ್ಟರಲ್ಲಿ ಸಲಹೆಗಳ ಮಳೆ ಸುರಿಯತೊಡಗಿತು.

“ಪೆಟ್ರೋಲ್ ಪಂಪು ಹೋಗಿದೆ” ಎಂದರು ಒಬ್ಬರು. ಪಂಪನ್ನು ಹದಿನೈದು ದಿನಗಳ ಹಿಂದೆಯಷ್ಟೇ ಹೊಸದಾಗಿ ಹಾಕಿಸಲಾಗಿತ್ತು. “ಹಾಗಾದರೆ ಕಾರ್ಬುರೇಟರಿನಲ್ಲಿ ಕಸ ಕೂತಿದೆ” ಎಂದರು ಮತ್ತೊಬ್ಬರು. ಅದನ್ನೂ ಬಿಚ್ಚಿ ತೊಳೆಸಿ ಆಗಿತ್ತು. ಕೊನೆಗೆ ಎಲ್ಲರೂ ಪೆಟ್ರೋಲೇ ಕಲಬೆರಕೆಯದೆಂದು ತೀರ್ಮಾನಿಸುವ ಹೊತ್ತಿಗೆ, ಹಿಂದೆ ನಿಂತಿದ್ದ ಲಾರಿಯಿಂದ ಅದರ ಚಾಲಕ ಇಳಿದು ಬಂದ. ಅವನು ಇಂಜಿನ್ನಿನ ಕಡೆಗೆ ನೋಡಲೂ ಇಲ್ಲ. ನೇರವಾಗಿ ಕಾರಿನ ಹಿಂಬದಿಗೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಮೆಲ್ಲನೆ ತಿರುಗಿಸಿದ. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿತು.

“ಈಗ ಸ್ಟಾರ್ಟ್ ಮಾಡಿ, ಸ್ವಾಮಿ” ಎಂದ.

ನಾಲ್ಕಾರು ಸುತ್ತು ತಿರುಗಿದ ಮೇಲೆ ಇಂಜಿನ್ನು ಹೊತ್ತಿಕೊಂಡಿತು. “ಮುಚ್ಚಳಕ್ಕೆ ಉಸಿರಾಡುವ ತೂತಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಇನ್ನೊಮ್ಮೆ ತೆಗೆದು ಹಾಕಿ. ಊರು ಸೇರಿದ ಮೇಲೆ ಮುಚ್ಚಳ ಬದಲಾಯಿಸಿ” ಎಂದು ಹೇಳಿ ಅವನು ತನ್ನ ಲಾರಿಗೆ ಹೊರಟುಹೋದ.

ಇದರಲ್ಲಿ ಯಾವ ಮಂತ್ರವೂ ಇಲ್ಲ. ಟ್ಯಾಂಕಿನಿಂದ ಪೆಟ್ರೋಲು ಹೊರಹೋದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಹಳೆಯ ಕಾರುಗಳಲ್ಲಿ ಈ ಗಾಳಿಯ ದಾರಿ ಅನೇಕ ವೇಳೆ ಮುಚ್ಚಳದಲ್ಲಿಯೇ ಇರುತ್ತದೆ. ಆ ರಂಧ್ರ ಧೂಳಿನಿಂದ ಮುಚ್ಚಿಹೋದರೆ, ಅಥವಾ ರಂಧ್ರವಿಲ್ಲದ ಬೇರೊಂದು ಮುಚ್ಚಳವನ್ನು ಹಾಕಿದರೆ, ಟ್ಯಾಂಕಿನೊಳಗೆ ಒತ್ತಡ ತಗ್ಗುತ್ತ ಹೋಗಿ, ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದಂತಾಗುತ್ತದೆ. ಈ ದೋಷದ ವಿಚಿತ್ರವೆಂದರೆ, ಅದು ಗ್ಯಾರೇಜಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಕಾರು ನಿಂತಿರುವಾಗ ಗಾಳಿ ಸಂದುಗಳಿಂದ ನಿಧಾನವಾಗಿ ಒಳಸೇರುತ್ತದೆ. ಪೆಟ್ರೋಲು ತುಂಬಿಸುವಾಗಲಂತೂ ಮುಚ್ಚಳ ತೆರೆದೇ ತೀರಬೇಕು; ಆ ಬಳಿಕ ಕೆಲವು ಮೈಲಿಗಳವರೆಗೆ ಕಾರು ಚೆನ್ನಾಗಿ ಓಡುತ್ತದೆ. ಆದುದರಿಂದಲೇ ಆ ಮನೆಯವರಿಗೆ ‘ಇಂಥ ಬಂಕಿನ ಪೆಟ್ರೋಲೇ ನಮ್ಮ ಕಾರಿಗೆ ಒಗ್ಗುವುದು’ ಎಂಬ ನಂಬಿಕೆಯೂ ಬೆಳೆದಿತ್ತು!

ಪಂಪಿಗೂ ಕಾರ್ಬುರೇಟರಿಗೂ ಸುರಿದ ಹಣ ವ್ಯರ್ಥವಾದುದು ಊಹೆಯನ್ನು ನಂಬಿದ್ದರಿಂದ. ಅಂಬಾಸಿಡರ್ ಮತ್ತು ಮಾರುತಿ 800 ಕಾರುಗಳ ತಯಾರಿಕೆ 2014ರಲ್ಲಿ ನಿಂತುಹೋದರೂ ಇಂಥ ಹಳೆಯ ವಾಹನಗಳನ್ನು ಅಕ್ಕರೆಯಿಂದ ಉಳಿಸಿಕೊಂಡ ಮನೆಗಳು ಇವೆ. ಅವರು ನೆನಪಿಡತಕ್ಕ ಸೂತ್ರ ಒಂದೇ: ಪೆಟ್ರೋಲು ಹರಿಯುವ ಹಾದಿಯಲ್ಲಿಯೇ ಪರೀಕ್ಷೆಯೂ ಸಾಗಬೇಕು. ಟ್ಯಾಂಕು, ಕೊಳವೆ, ಫಿಲ್ಟರು, ಪಂಪು, ಕಾರ್ಬುರೇಟರು ಎಂಬುದು ಆ ಕ್ರಮ.

ಮೊದಲನೆಯ ಪ್ರಶ್ನೆ: ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೆ? ನಗೆ ತರಿಸುವ ಪ್ರಶ್ನೆಯಾದರೂ ಅವಶ್ಯವಾದುದು. ಟ್ಯಾಂಕಿನೊಳಗಿನ ತೇಲುಬುರುಡೆ ಸಿಕ್ಕಿಕೊಂಡರೆ ಮುಳ್ಳು ಸುಳ್ಳು ಹೇಳುತ್ತದೆ. ಪೆಟ್ರೋಲು ಕಡಿಮೆಯಿದ್ದಾಗ ಕಡಿದಾದ ಏರಿನಲ್ಲಿ ಅದು ಟ್ಯಾಂಕಿನ ಒಂದು ಬದಿಗೆ ಸರಿದು, ಹೀರುವ ಕೊಳವೆಯ ಬಾಯಿಗೆ ಎಟುಕದೆ ಹೋಗುವುದೂ ಉಂಟು.

ಎರಡನೆಯದು: ಕೊರತೆ ಪೆಟ್ರೋಲಿನದೋ, ಕಿಡಿಯದೋ? ಇಂಜಿನ್ನನ್ನು ಕೆಲವು ಸಲ ತಿರುಗಿಸಿ ನೋಡಿದ ಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿದರೆ ಅದರ ತುದಿಯೇ ಸಾಕ್ಷಿ ನುಡಿಯುತ್ತದೆ. ತುದಿ ಪೂರ್ಣ ಒಣಗಿದ್ದರೆ ಪೆಟ್ರೋಲು ತಲುಪುತ್ತಿಲ್ಲ. ತೊಯ್ದು ವಾಸನೆ ಬಡಿಯುತ್ತಿದ್ದರೆ ಪೆಟ್ರೋಲು ಬಂದಿದೆ. ಕಿಡಿಯಿಲ್ಲ, ಇಲ್ಲವೆ ಪೆಟ್ರೋಲು ಮಿತಿಮೀರಿ ಬಂದಿದೆ.

ಮೂರನೆಯದು: ಕಾರು ನಿಲ್ಲುವುದು ಯಾವಾಗ? ಸಮತಟ್ಟಾದ ರಸ್ತೆಯಲ್ಲಿ ಸರಾಗವಾಗಿ ಓಡಿ, ಏರಿನಲ್ಲಿಯೂ ವೇಗದಲ್ಲಿಯೂ ಮುಗ್ಗರಿಸಿದರೆ ಫಿಲ್ಟರು ಕಟ್ಟಿಕೊಂಡಿರುವ ಸಂಭವ ಹೆಚ್ಚು. ಇಂಜಿನ್ನು ಸುಮ್ಮನೆ ತಿರುಗಲು ಬೇಕಾದ ಪೆಟ್ರೋಲು ಅತ್ಯಲ್ಪ. ಭಾರ ಎಳೆಯುವಾಗ ಮಾತ್ರ ಕೊರತೆ ಬಯಲಾಗುತ್ತದೆ. ಬಿಸಿಯೇರಿದಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನಾಗಿ ಹೊರಟರೆ, ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿರಬಹುದು. ಘಟ್ಟ ಹತ್ತುವ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಸುವುದು ಇದಕ್ಕಾಗಿಯೇ. ಆದರೆ ಬಿಸಿಗೆ ಸೋಲುವ ಇಗ್ನಿಷನ್ ಕಾಯಿಲೂ ಇದೇ ನಾಟಕವಾಡುತ್ತದೆ. ಆಗ ಎರಡನೆಯ ಪ್ರಶ್ನೆಗೆ ಹಿಂದಿರುಗಬೇಕು.

ಕೊಳವೆಯ ವಿಷಯದಲ್ಲಿ ಅನುಭವಿಗಳೂ ಮೋಸಹೋಗುವುದುಂಟು. ಇಂಜಿನ್ನಿನ ಬದಿಯಲ್ಲಿರುವ ಹಳೆಯ ಬಗೆಯ ಪಂಪು ಟ್ಯಾಂಕಿನ ಕಡೆಯಿಂದ ಹೀರಿ, ಕಾರ್ಬುರೇಟರಿನ ಕಡೆಗೆ ತಳ್ಳುತ್ತದೆ. ತಳ್ಳುವ ಕಡೆಯ ಕೊಳವೆ ಸೀಳಿದ್ದರೆ ಪೆಟ್ರೋಲು ತೊಟ್ಟಿಕ್ಕುತ್ತದೆ. ಹೀರುವ ಕಡೆ ಸೀಳಿದ್ದರೆ ತೊಟ್ಟೂ ಸೋರದಿರಬಹುದು. ಪೆಟ್ರೋಲಿನ ಬದಲು ಗಾಳಿ ಒಳನುಗ್ಗುತ್ತದೆ. ಪಾರದರ್ಶಕ ಫಿಲ್ಟರಿನಲ್ಲಿ ಗುಳ್ಳೆಗಳು ಸತತವಾಗಿ ಏಳುತ್ತಿದ್ದರೆ ಆ ಕೊಳವೆಯನ್ನು ಶಂಕಿಸಬೇಕು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಯತೊಡಗಿದ ಮೇಲೆ ಈ ಎಚ್ಚರ ಹೆಚ್ಚು ಅವಶ್ಯ. ಎಥನಾಲು ಹಳೆಯ ರಬ್ಬರನ್ನು ಉಬ್ಬಿಸಿ ಕೆಡಿಸಬಲ್ಲುದು, ನೀರನ್ನು ಸೆಳೆಯುತ್ತದೆ, ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ಕಳಿಸಬಹುದು. ಎಥನಾಲಿಗೆ ಬಾಳುವ ಕೊಳವೆಯನ್ನು ಹಾಕಿಸುವುದು ಮೇಲು.

ಪಂಪಿನೊಳಗಿನ ಪೊರೆ ಹರಿದರೆ ಅಪಾಯ ದೊಡ್ಡದು. ಆಗ ಪೆಟ್ರೋಲು ಇಂಜಿನ್ ಎಣ್ಣೆಯೊಳಗೆ ಇಳಿಯಬಹುದು. ಎಣ್ಣೆಯ ಅಳತೆಕಡ್ಡಿಯಲ್ಲಿ ಮಟ್ಟ ಏರಿದ್ದು, ಪೆಟ್ರೋಲಿನ ವಾಸನೆ ಬಂದರೆ ಇಂಜಿನ್ನನ್ನು ತಿರುಗಿಸಲೇಬಾರದು. ತೆಳುವಾದ ಎಣ್ಣೆಯಲ್ಲಿ ಓಡಿದ ಇಂಜಿನ್ನಿನ ಬೇರಿಂಗುಗಳು ಸವೆದು ಹಾಳಾಗುತ್ತವೆ.

ಇಂಜೆಕ್ಷನ್ ಪದ್ಧತಿಯ ಹೊಸ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಇವುಗಳಲ್ಲಿ ಮೊದಲ ಪರೀಕ್ಷೆ ಕಿವಿಯದು. ಕೀಲಿ ತಿರುಗಿಸಿದೊಡನೆ, ಇಂಜಿನ್ನು ಹೊರಡುವ ಮುನ್ನವೇ, ಅನೇಕ ಕಾರುಗಳಲ್ಲಿ ಹಿಂದಿನ ಆಸನದ ಕಡೆಯಿಂದ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಕೇಳುತ್ತದೆ. ಎಂದೂ ಕೇಳುತ್ತಿದ್ದ ಸದ್ದು ಇಂದು ಇಲ್ಲವಾದರೆ, ಪಂಪನ್ನು ಬದಲಿಸುವ ಮುಂಚೆ ಫ್ಯೂಸನ್ನೂ ರಿಲೇಯನ್ನೂ ನೋಡಿಸತಕ್ಕದ್ದು. ಈ ಪಂಪಿಗೆ ಸುತ್ತಲಿನ ಪೆಟ್ರೋಲೇ ತಂಪು. ಯಾವಾಗಲೂ ರಿಸರ್ವಿನಲ್ಲಿಯೇ ಓಡಿಸಿದರೆ ಅದರ ಆಯುಸ್ಸು ತಗ್ಗಬಹುದು. ಇಂಥ ಕಾರುಗಳ ಕೊಳವೆಯನ್ನು ಮನೆಯಲ್ಲಿ ಬಿಚ್ಚುವ ಸಾಹಸ ಸಲ್ಲದು; ಅದರೊಳಗೆ ಪೆಟ್ರೋಲು ಬಲವಾದ ಒತ್ತಡದಲ್ಲಿರುತ್ತದೆ.

ಅಪಾಯದ ಮಾತು ಹಳೆಯ ಕಾರಿಗೂ ಅನ್ವಯಿಸುತ್ತದೆ. ಕಾದ ಇಂಜಿನ್ನಿನ ಮೇಲೆ ಬಿದ್ದ ಪೆಟ್ರೋಲು ಹತ್ತಿಕೊಳ್ಳಲು ಒಂದು ಕಿಡಿ ಸಾಕು. ರಸ್ತೆಯ ಬದಿಯಲ್ಲಿ ಮುಚ್ಚಳ, ಮುಳ್ಳು, ವಾಸನೆ, ಸದ್ದು ಇವಿಷ್ಟನ್ನೇ ನೋಡಬೇಕು. ಪ್ಲಗ್ಗು, ಕೊಳವೆಗಳನ್ನು ಇಂಜಿನ್ನು ತಣಿದ ಬಳಿಕ ಬಲ್ಲವರೇ ಬಿಚ್ಚಬೇಕು. ಬೀಡಿ ಸಿಗರೇಟುಗಳು ದೂರವಿರಲಿ. ಕೊಳವೆಗೆ ಬಾಯಿಟ್ಟು ಪೆಟ್ರೋಲು ಎಳೆಯುವ ಹಳೆಯ ಅಭ್ಯಾಸವನ್ನು ಬಿಡಲೇಬೇಕು. ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ವಾಸನೆ ದಟ್ಟವಾಗಿದ್ದರೆ ಮೊದಲ ಕೆಲಸ ಮಕ್ಕಳನ್ನೂ ಹಿರಿಯರನ್ನೂ ಕಾರಿನಿಂದ ಇಳಿಸಿ ದೂರ ಕೂರಿಸುವುದು.

ಚಾರ್ಮಾಡಿಯ ಆ ಕುಟುಂಬ ಅಂದು ರಾತ್ರಿ ಸುಖವಾಗಿ ಮನೆ ಸೇರಿತು. ಮರುದಿನ ಸರಿಯಾದ ಮುಚ್ಚಳ ಬಂತು. ಕಳಚಿಟ್ಟ ಹಳೆಯ ಪಂಪು ಒಳ್ಳೆಯ ಸ್ಥಿತಿಯಲ್ಲಿಯೇ ಕಪಾಟಿನಲ್ಲಿ ಉಳಿಯಿತು. ಈಗ ಯಜಮಾನರು ಕಾರಿನಲ್ಲಿ ಒಂದು ಸಣ್ಣ ಪುಸ್ತಕವನ್ನು ಇಟ್ಟಿದ್ದಾರೆ. ಕಾರು ಎಲ್ಲಿ ನಿಂತಿತು, ಎಷ್ಟು ದೂರ ಓಡಿತ್ತು, ಬಿಸಿಯಾಗಿತ್ತೆ, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು, ಮತ್ತೆ ಹೊರಟದ್ದು ಹೇಗೆ ಎಂಬುದನ್ನು ಅದರಲ್ಲಿ ಬರೆದಿಡುತ್ತಾರೆ. ಗ್ಯಾರೇಜಿಗೆ ಹೋದಾಗ ‘ಪಂಪು ಬದಲಾಯಿಸಿ’ ಎನ್ನುವ ಬದಲು ಆ ಪುಟವನ್ನು ಮೆಕ್ಯಾನಿಕ್ಕಿನ ಕೈಗೆ ಕೊಡುತ್ತಾರೆ.