ಕಣಜ ಮತ್ತು ಲಿಲಾವು

ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಬದುಕು ಹೇಗೆ ತಿರುಗಿತೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯದಿಂದ ಕಾಲುವೆ ಹರಿಯಿತು, ಜೋಳದ ಹೊಲಕ್ಕೆ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಕಾರ್ಖಾನೆಯ ಬಿಲ್ಲು ಬಂತು. ಈಗ ಬಿಲ್ಲು ಕೈಸೇರುವ ಮೊದಲೇ ಅದರ ಖರ್ಚು ಗೊತ್ತಾಗಿರುತ್ತದೆ: ಬೈಕಿನ ಕಂತು, ಮೊಬೈಲಿನ ಕಂತು, ಮದುವೆಗೆ ಮಾಡಿದ ಸಾಲದ ಬಡ್ಡಿ. ನೀರಾವರಿ ಹೊಟ್ಟೆ ತುಂಬಿಸಿತು, ಪೇಟೆ ಹೊಸ ಹಸಿವು ಹಚ್ಚಿತು.

ಡಿಸೆಂಬರ್ ಬಂತೆಂದರೆ ಅದೇ ಪೇಟೆ ಕ್ರಿಸ್‌ಮಸ್ಸನ್ನೂ ಮಾರಾಟಕ್ಕಿಡುತ್ತದೆ. ಗೋದಲಿಯಲ್ಲಿ ಮಲಗಿದ್ದ ಕೂಸಿನ ಹೆಸರಿನಲ್ಲಿ ರಿಯಾಯಿತಿಯ ಬೋರ್ಡು ಏಳುತ್ತದೆ. ಇದಕ್ಕೆ ಕ್ರೈಸ್ತರು ಅಂಗಡಿಯವರನ್ನಷ್ಟೇ ದೂರಿದರೆ ಆಗದು. ಪ್ರಾರ್ಥನೆಗೆ ಕಾರು, ಕಾಣಿಕೆಗೆ ಹತ್ತು ಪಟ್ಟು ಎಂದು ಮಾತು ಕೊಡುವ ಬೋಧಕರು ಟಿವಿಯಲ್ಲೂ ಯೂಟ್ಯೂಬಿನಲ್ಲೂ ಇದ್ದಾರೆ. ಅವರ ಕೈಯಲ್ಲಿ ದೇವರೂ ಒಂದು ಸ್ಕೀಮು.

ಯೇಸು ಹೇಳಿದ ಕತೆಯ ದಾರಿಯೇ ಬೇರೆ. ಲೂಕನ ಸುವಾರ್ತೆಯ 12ನೇ ಅಧ್ಯಾಯದ ಸಾಹುಕಾರನಿಗೆ ಒಂದು ವರ್ಷ ಬೆಳೆ ಭರ್ಜರಿಯಾಗಿ ಬಂತು. ಇದ್ದ ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ, ಆಮೇಲೆ ಉಂಡು ಕುಡಿದು ಆರಾಮಾಗಿರುತ್ತೇನೆ ಎಂದು ಲೆಕ್ಕ ಹಾಕಿದ. ಆ ರಾತ್ರಿಯೇ ಅವನ ಪ್ರಾಣಕ್ಕೆ ಕರೆ ಬಂತು. ಹಗೇವು ತುಂಬಿ ಗೊತ್ತಿರುವ ನಮ್ಮ ರೈತರಿಗೆ ಈ ಕತೆಗೆ ಟಿಪ್ಪಣಿ ಬೇಡ. ಬೆಳೆದದ್ದು ಪಾಪವೆಂದು ಯೇಸು ಎಲ್ಲೂ ಅನ್ನುವುದಿಲ್ಲ. ಆದರೆ ಕತೆಯುದ್ದಕ್ಕೂ ಆ ಮನುಷ್ಯ ಮಾತಾಡುವುದು ತನ್ನ ಜೊತೆ ಮಾತ್ರ. ಹೆಂಡತಿ ಇಲ್ಲ, ಆಳು ಇಲ್ಲ, ನೆರೆಯವನಿಲ್ಲ.

ಸಿ.ಎಸ್.ಐ., ಮೆಥಡಿಸ್ಟ್ ಸಭೆಗಳ ಸುಗ್ಗಿ ಹಬ್ಬದಲ್ಲಿ ಈ ಕತೆಗೆ ಉತ್ತರ ಸಿಗುತ್ತದೆ. ಗುಡಿಯೊಳಗೆ ಜೋಳದ ತೆನೆ, ಕುಂಬಳಕಾಯಿ, ಕಬ್ಬಿನ ಗಳ, ಕಾಲು ಕಟ್ಟಿದ ಹುಂಜ, ಯಾರೋ ಮಾಡಿಕೊಂಡು ಬಂದ ಶೇಂಗಾ ಹೋಳಿಗೆ. ಆರಾಧನೆ ಮುಗಿದ ಮೇಲೆ ಲಿಲಾವು. ಒಂದು ತೆಂಗಿನಕಾಯಿಗೆ ಸಂತೆಯ ದರದ ಮೂರು-ನಾಲ್ಕು ಪಟ್ಟು ಕೂಗುತ್ತಾರೆ. ಹಿಡಿದವರು ದುಡ್ಡು ಕೊಟ್ಟು ಕಾಯಿಯನ್ನೂ ತಿರುಗಿ ಕೊಡುವುದುಂಟು. ಅದೇ ಕಾಯಿ ಮತ್ತೆ ಸವಾಲಿಗೆ ಬರುತ್ತದೆ. ಇಲ್ಲಿ ಪ್ರತಿಷ್ಠೆಯ ಪೈಪೋಟಿ ಇಲ್ಲವೇ ಇಲ್ಲ ಎನ್ನಲಾರೆ. ಆದರೂ ಕಡಿಮೆಗೆ ಕೊಂಡೆ ಎಂದು ಹಿಗ್ಗುವ ಕಾಲದಲ್ಲಿ, ಹೆಚ್ಚು ಕೊಟ್ಟೆ ಎಂದು ನಗುತ್ತ ಬರಿಗೈಯಲ್ಲಿ ಮನೆಗೆ ಹೋಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೂಡಿಸುವುದೆಲ್ಲ ಕಣಜಕ್ಕೇ ಆಗಬೇಕಿಲ್ಲ ಎಂಬುದಕ್ಕೆ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸಾಕ್ಷಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಯಾದ ಅವರು ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ, ಕೂಡಿಸಿ, 1924ರಲ್ಲಿ ಅಚ್ಚು ಹಾಕಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೇರಿದ ಮೇಲೂ ಜನ ಅವರನ್ನು ನೆನೆದದ್ದು ‘ತಿರುಳ್ಗನ್ನಡ ತಿರುಕ’ ಎಂದೇ. ಬೇಡಿ ತಿಂದ ಸರ್ವಜ್ಞನ ಪದಗಳನ್ನು ಪಾದ್ರಿಯೊಬ್ಬರು ಕೂಡಿಸಿ ನಾಡಿಗೆ ಹಂಚಿದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಿಲ್ಲು ಬಾಕಿ ಉಳಿದ ರೈತನಿಗೆ, ಹೊಲದ ಬದುವಿನ ಗುಡಿಸಲಲ್ಲಿ ಮಕ್ಕಳನ್ನು ಮಲಗಿಸಿ ಕಬ್ಬು ಕಡಿಯುವ ಗ್ಯಾಂಗಿನವರಿಗೆ ‘ಇದ್ದುದರಲ್ಲಿ ತೃಪ್ತರಾಗಿರಿ’ ಎಂದು ಉಪದೇಶಿಸುವುದು ಕ್ರೌರ್ಯ. ಇದ್ದರೂ ಇಲ್ಲದಿದ್ದರೂ ಬಾಳುವುದನ್ನು ಕಲಿತೆನೆಂದು ಪೌಲ ಫಿಲಿಪ್ಪಿಯ ಸಭೆಗೆ ಬರೆದದ್ದು ತಾನೇ ಬೇಡಿ ಹಾಕಿಕೊಂಡು ಸೆರೆಯಲ್ಲಿದ್ದಾಗ. ಹೊಟ್ಟೆ ತುಂಬಿದವರು ಹಸಿದವರಿಗೆ ಓದಿ ಹೇಳಲೆಂದು ಅಲ್ಲ. ಕ್ರಿಸ್‌ಮಸ್ಸಿಗೆ ಹೊಸ ಬಟ್ಟೆ ಬೇಡವೆನ್ನುವ ಹಟ ನಮ್ಮದಲ್ಲ. ಬಟ್ಟೆಯ ಯಾದಿ ಬರೆಯುವಾಗ ಮನೆಯ ಹೊರಗಿನ ಒಂದು ಹೆಸರೂ ಅದರಲ್ಲಿರಲಿ, ಮತ್ತು ಆ ಬಟ್ಟೆ ನಮ್ಮ ಮಕ್ಕಳಿಗೆ ತಂದದ್ದಕ್ಕಿಂತ ಅಗ್ಗದ್ದಾಗದಿರಲಿ.