ಕರೆಂಟು ಹೋದ ರಾತ್ರಿ ಮೀನಿನ ತೊಟ್ಟಿ



ಕರೆಂಟು ಹೋದರೆ ನಮಗೆ ಮೊದಲು ನೆನಪಾಗುವುದು ಏನು ಹೇಳಿ? ರುಬ್ಬಲು ನೆನೆಸಿಟ್ಟ ಅಕ್ಕಿ-ಉದ್ದು, ಟ್ಯಾಂಕಿಗೆ ಏರಿಸದ ನೀರು, ಚಾರ್ಜು ಇಳಿದ ಮೊಬೈಲು. ಹಜಾರದ ಮೂಲೆಯ ಮೀನಿನ ತೊಟ್ಟಿ ನೆನಪಾಗುವುದೇ ಇಲ್ಲ. ಮೀನು ಅಳುವುದಿಲ್ಲ, ಕೂಗುವುದಿಲ್ಲ, ಅಲ್ಲವೇ? ನನಗೂ ನೆನಪಾಗಲಿಲ್ಲ. ಅದಕ್ಕೇ ಈ ಸಲ ಅಡುಗೆಮನೆ ಬಿಟ್ಟು ಹಜಾರದ ಸುದ್ದಿ ಬರೆಯುತ್ತಿದ್ದೇನೆ.

2024ರ ಜುಲೈ ತಿಂಗಳು. ನಮ್ಮದು ಮಲೆನಾಡಿನ ಸಣ್ಣ ಪೇಟೆ. ಪುನರ್ವಸು ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಎಲ್ಲೋ ಲೈನಿನ ಮೇಲೆ ಮರ ಬಿದ್ದು, ಮಧ್ಯಾಹ್ನ ಮೂರಕ್ಕೆ ಹೋದ ಕರೆಂಟು ಮಾರನೆಯ ದಿನ ಸಂಜೆಯವರೆಗೂ ಬರಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ. ತೊಟ್ಟಿಗೆ ಗುಳ್ಳೆ ಬಿಡುವ ಏರ್ ಪಂಪನ್ನೂ ನಮ್ಮವರು ಅದರ ಪ್ಲಗ್ಗಿಗೇ ಹಾಕಿಟ್ಟಿದ್ದರು. ರಾತ್ರಿ ನನ್ನ ತಮ್ಮನಿಗೆ ಫೋನು ಮಾಡಬೇಕಿತ್ತು. ಪಂಪಿನ ಪ್ಲಗ್ಗು ಕಿತ್ತು ಮೊಬೈಲು ಚಾರ್ಜಿಗೆ ಹಾಕಿದೆ. ಹತ್ತು ನಿಮಿಷ, ಆಮೇಲೆ ಮತ್ತೆ ಹಾಕಿದರಾಯ್ತು ಅಂದುಕೊಂಡೆ. ಹಾಗೇ ಮಲಗಿಬಿಟ್ಟೆ.

ಬೆಳಗ್ಗೆ ನೋಡಿದರೆ ಐದು ಗೋಲ್ಡ್ ಫಿಶ್‌ಗಳಲ್ಲಿ ಮೂರು ತೇಲುತ್ತಿದ್ದವು. ಉಳಿದೆರಡು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಐದನೇ ಕ್ಲಾಸಿನ ಮಗಳು ಎದ್ದು ಬಂದಳು. "ಕರೆಂಟು ಇರ್ಲಿಲ್ಲ ಕಣೇ ಪುಟ್ಟಿ" ಅಂದೆ. ಅವಳು ಗೋಡೆ ಕಡೆ ನೋಡಿದಳು. ಪಂಪಿನ ವೈರು ನೆಲದ ಮೇಲಿತ್ತು, ಪ್ಲಗ್ಗಿನಲ್ಲಿ ನನ್ನ ಚಾರ್ಜರು ಇತ್ತು. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಅತ್ತು ರಂಪ ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಮೀನಿನ ಅಂಗಡಿಯವರನ್ನು ಕೇಳಿ, ಒಂದಿಷ್ಟು ಓದಿ, ತಿಳಿದುಕೊಂಡದ್ದನ್ನು ಹೇಳುತ್ತೇನೆ. ತೊಟ್ಟಿಯ ದೀಪ ಆರಿದರೆ ಮೀನಿಗೆ ಏನೂ ಆಗುವುದಿಲ್ಲ. ಬೇಕಾದದ್ದು ನೀರಿನ ಅಲುಗಾಟ. ಗಾಳಿ ಹೆಚ್ಚಾಗಿ ನೀರಿನ ಮೇಲ್ಮೈಯಿಂದ ಒಳಗೆ ಸೇರುತ್ತದಂತೆ. ಗುಳ್ಳೆಗಳು ಮೇಲೇರಿ ಆ ಮೇಲ್ಮೈಯನ್ನು ಕಲಕುತ್ತವೆ. ನಿಂತ ನೀರಿಗೆ ಗಾಳಿ ಸೇರುವುದು ನಿಧಾನ, ಮೀನು ಹೆಚ್ಚಿದ್ದರೆ ಸಾಲುವುದಿಲ್ಲ. ನಮ್ಮ ಎರಡಡಿ ತೊಟ್ಟಿಗೆ ಬೆಳೆದ ಐದು ಗೋಲ್ಡ್ ಫಿಶ್ ಮೊದಲೇ ಜಾಸ್ತಿಯಾಗಿತ್ತು. ಬೇಸಿಗೆಯಲ್ಲಿ ಇನ್ನೂ ಕಷ್ಟ, ಬಿಸಿ ನೀರು ಗಾಳಿಯನ್ನು ಕಡಿಮೆ ಹಿಡಿಯುತ್ತದೆ. ಫೈಟರ್, ಗೌರಾಮಿ ಜಾತಿಯವು ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲವು. ಗೋಲ್ಡ್ ಫಿಶ್‌ಗೆ ಆ ಭಾಗ್ಯವಿಲ್ಲ.

ಇನ್ವರ್ಟರ್ ಬ್ಯಾಟರಿ ಖಾಲಿಯಾಗುತ್ತದೆಂದು ಹೆದರಬೇಡಿ. ಸಣ್ಣ ಏರ್ ಪಂಪಿಗೆ 5 ವ್ಯಾಟ್ ಸಾಕು. ದಿನವಿಡೀ ನಡೆದರೂ ಅದು ತಿನ್ನುವುದು ಹಳೇ ಸೀಲಿಂಗ್ ಫ್ಯಾನು ಒಂದೂವರೆ ಗಂಟೆ ತಿರುಗಿದಷ್ಟೇ. ನೀರು ಬಿಸಿ ಮಾಡುವ ಹೀಟರನ್ನು ಮಾತ್ರ ಇನ್ವರ್ಟರಿಗೆ ಹಾಕಬೇಡಿ, ಅದು 50-100 ವ್ಯಾಟ್ ಎಳೆಯುತ್ತದೆ. ಚಳಿಯಿದ್ದರೆ ತೊಟ್ಟಿಯ ಸುತ್ತ ಹಳೇ ಕಂಬಳಿ ಸುತ್ತಿ, ಮೇಲ್ಭಾಗ ಮುಚ್ಚಬೇಡಿ.

ಇನ್ವರ್ಟರ್ ಇಲ್ಲದವರಿಗೆ ಮೊಬೈಲಿನ ಪವರ್ ಬ್ಯಾಂಕಿನಿಂದ ನಡೆಯುವ ಪುಟ್ಟ ಪಂಪು ಸಿಗುತ್ತದೆ. 10,000 ಎಂಎಎಚ್‌ನ ಪವರ್ ಬ್ಯಾಂಕಿನಲ್ಲಿ ರಾತ್ರಿಯಿಡೀ ನಡೆದೀತು. ಒಂದು ತೊಡಕಿದೆ: ಕೆಲವು ಪವರ್ ಬ್ಯಾಂಕುಗಳು ಇಷ್ಟು ಸಣ್ಣ ಪಂಪನ್ನು ಲೆಕ್ಕಕ್ಕೇ ಇಡದೆ, ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗುತ್ತವೆ. ಕರೆಂಟು ಇರುವ ದಿನವೇ ಒಂದು ರಾತ್ರಿ ನಡೆಸಿ ನೋಡಿ. ಪಂಪನ್ನು ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿಟ್ಟರೆ, ಪಂಪು ನಿಂತಾಗ ತೊಟ್ಟಿಯ ನೀರು ನಳಿಗೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗಬಹುದು.

ಏನೂ ಇಲ್ಲದಿದ್ದರೆ ಚೊಂಬು ಇದೆಯಲ್ಲ! ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣು ಮೇಲಿನಿಂದ ಮೆಲ್ಲಗೆ ಸುರಿಯಿರಿ. ಅರ್ಧ ಗಂಟೆಗೊಮ್ಮೆ ಹದಿನೈದಿಪ್ಪತ್ತು ಸಲ. ಚೊಂಬಿಗೂ ಕೈಗೂ ಸೋಪಿನ ಅಂಶ ಇರಕೂಡದು. ಮನೆಯೊಳಗೆ ಮೀನೇ ಎಂದು ಮೂಗು ಮುರಿದಿದ್ದ ನಮ್ಮ ಅತ್ತೆಯವರು ಈಗ ಕರೆಂಟು ಹೋದರೆ ನಾನು ಹೇಳುವ ಮೊದಲೇ ಚೊಂಬು ಹಿಡಿದು ಕೂರುತ್ತಾರೆ. ಅವರಿಗೆ ಹೇಗೂ ರಾತ್ರಿ ನಿದ್ದೆ ಕಡಿಮೆ.

ಕರೆಂಟು ಬರುವವರೆಗೆ ಮೀನಿಗೆ ತಿನ್ನಲು ಹಾಕಬೇಡಿ. ಒಂದೆರಡು ದಿನದ ಉಪವಾಸದಿಂದ ಬೆಳೆದ ಮೀನು ಸಾಯುವುದಿಲ್ಲ. ತಿಂದದ್ದು, ಉಳಿದದ್ದು ಕೊಳೆತು ನೀರು ಕೆಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೀರನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳಿರುತ್ತವೆ. ಬಹಳ ಹೊತ್ತು ನಿಂತ ಫಿಲ್ಟರಿನಲ್ಲಿ ಗಾಳಿ ಸಿಗದೆ ಅವೂ ಸಾಯುತ್ತವೆ. ಹಾಗಾಗಿ ಕರೆಂಟು ಬಂದೊಡನೆ ಸ್ವಿಚ್ಚು ಒತ್ತಬೇಡಿ. ಡಬ್ಬಿಯೊಳಗಿನ ಹಳಸಿದ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆದು ಹಾಕಿ. ಬ್ಲೀಚಿಂಗ್ ಪುಡಿ ಬೆರೆತ ನಲ್ಲಿ ನೀರು ಅದಕ್ಕೆ ಬೇಡ. ತೊಟ್ಟಿಯ ನೀರು ಮಸುಕಾಗಿದ್ದರೆ ಕಾಲುಭಾಗ ಬದಲಿಸಿ, ಅದೂ ರಾತ್ರಿಯಿಡೀ ಬಕೆಟ್ಟಿನಲ್ಲಿ ತೆರೆದಿಟ್ಟ ನೀರಿನಿಂದ.

ನಮ್ಮಲ್ಲಿ ಉಳಿದ ಎರಡು ಮೀನುಗಳು ಗಟ್ಟಿಯಾಗಿವೆ. ಹೊಸದು ತರೋಣವೇ ಅಂದರೆ ಮಗಳು ಬೇಡವೆಂದಳು. ಪಂಪಿನ ಪ್ಲಗ್ಗಿಗೆ ಕೆಂಪು ಟೇಪು ಸುತ್ತಿ, ಚೀಟಿ ಅಂಟಿಸಿದ್ದಾಳೆ: "ಅಮ್ಮಾ, ಇದನ್ನ ಕೀಳಬೇಡ." ಅಪ್ಪನಿಗೆ ಅಂತ ಏನೂ ಬರೆದಿಲ್ಲ.