ಮೂಕವಾದ ಪಿಸ್ತೂಲು

ಮಹಾನವಮಿಯ ದಿನ ಮೈಸೂರಿನ ಮನೆಮನೆಗಳಲ್ಲಿಯೂ ಆಯುಧಪೂಜೆ ನಡೆಯುವುದು ವಾಚಕರಿಗೆಲ್ಲ ತಿಳಿದಿರುವುದಷ್ಟೆ. ಅರಮನೆಯಲ್ಲಿ ಪಟ್ಟದ ಕತ್ತಿಗೂ ಪಟ್ಟದ ಆನೆ ಕುದುರೆಗಳಿಗೂ ಪೂಜೆಯಾದರೆ, ನಮ್ಮಂಥ ಗೃಹಸ್ಥರ ಮನೆಗಳಲ್ಲಿ ಈಳಿಗೆಮಣೆ, ಕುಡುಗೋಲು, ಹೊಲಿಗೆಯ ಯಂತ್ರ, ಬೈಸಿಕಲ್ಲು ಮೊದಲಾದುವುಗಳಿಗೆ ಅರಿಶಿನ ಕುಂಕುಮಗಳು ಸಲ್ಲುತ್ತವೆ. ಲಕ್ಷ್ಮೀಪುರದಲ್ಲಿರುವ ನಮ್ಮ ಪರಿಚಯದ ಮನೆಯೊಂದರಲ್ಲಿ ಇವುಗಳ ಸಾಲಿನಲ್ಲಿ ಒಂದು ರಿವಾಲ್ವರೂ ಕುಳಿತಿರುತ್ತದೆ. ಅದು ವೆಬ್ಲಿ ಎಂಬ ಆಂಗ್ಲ ಕಂಪನಿಯವರು ಮಾಡಿದ .455 ಅಂಗುಲದ ಪಿಸ್ತೂಲು. ಈಗಿನ ಯಜಮಾನರ ತಾತನವರು ಕೊಂಡದ್ದು. ಯಜಮಾನರಿಗೆ ಈಗ ಎಪ್ಪತ್ತೆಂಟು ವರ್ಷ.

ಈ ಸಲ ದಸರೆಗೆ ಹದಿನೈದು ದಿನ ಮುಂಚೆ ಆ ಮನೆಯ ಗೃಹಿಣಿಯವರು ನಮ್ಮನ್ನು ಕರೆದು ಹೀಗೆಂದರು: “ಇದಕ್ಕೆ ತೋಟಾ ಸಿಕ್ಕದೆ ನಲವತ್ತು ವರ್ಷವಾಯಿತು. ಚುನಾವಣೆ ಬಂದಾಗಲೆಲ್ಲ ಇವರು ಇದನ್ನು ಠಾಣೆಗೆ ಒಪ್ಪಿಸಿ, ರಸೀತಿ ಪಡೆದು, ಮತ್ತೆ ಮನೆಗೆ ತರುತ್ತಾರೆ. ಹಾರದ ಪಿಸ್ತೂಲಿಗೆ ಇಷ್ಟು ಉಪಚಾರವೇಕೆ? ಇದರ ತೋಟಾಗಳೆಲ್ಲ ಎಲ್ಲಿಗೆ ಹೋದುವು? ಅದೂ ಇರಲಿ, ನಮ್ಮ ಮೊಮ್ಮಗನು.45ರ ತೋಟಾ ಇದಕ್ಕೆ ಹೊಂದುವುದೆಂದು ಎಲ್ಲಿಯೋ ಓದಿ, ಯಾರಿಂದಲೋ ತರಿಸುವೆನೆನ್ನುತ್ತಿದ್ದಾನೆ. ನನಗೆ ಭಯವಾಗಿದೆ.” ಆಕೆಯ ಭಯವು ನ್ಯಾಯವಾದುದು. ಈ ತಿಂಗಳ ನಮ್ಮ ಮಾತೆಲ್ಲವೂ ಆಕೆಗೆ ನಾವು ಕೊಟ್ಟ ಉತ್ತರವೇ ಆಗಿದೆ.

ಮೊದಲು ಒಂದು ವಿಚಿತ್ರವನ್ನು ಗಮನಿಸಬೇಕು. ವಿಜಯದಶಮಿಯ ಜಂಬೂಸವಾರಿಯಲ್ಲಿ ಕುಶಾಲತೋಪುಗಳು 21 ಸಲ ಹಾರುತ್ತವೆ. ಆ ಫಿರಂಗಿಗಳು ನಮ್ಮ ಸ್ನೇಹಿತರ ಪಿಸ್ತೂಲಿಗಿಂತ ಬಹಳ ಹಳೆಯ ಮಾದರಿಯವು. ಆದರೂ ಪ್ರತಿ ವರ್ಷವೂ ಮಾತನಾಡುತ್ತವೆ. ಪಿಸ್ತೂಲು ಮಾತ್ರ ಮೂಕವಾಗಿದೆ. ಇದಕ್ಕೆ ಕಾರಣವು ಸರಳವಾದುದು. ಫಿರಂಗಿಗೆ ಬೇಕಾದುದು ಬರಿಯ ಮದ್ದು. ಮದ್ದಿನ ಚೀಲವನ್ನು ಬಾಯಿಂದ ತುರುಕಿ, ಗಜದಿಂದ ಜಡಿದು, ಬೆಂಕಿ ಮುಟ್ಟಿಸಿದರೆ ಸಾಕು. ಚೀಲ ಒಂದು ಅಂಗುಲ ದಪ್ಪವಾದರೂ ಸಣ್ಣದಾದರೂ ಅದು ದೂರುವುದಿಲ್ಲ. ಪಿಸ್ತೂಲಿಗೆ ಬೇಕಾದುದಾದರೋ ತೋಟಾ. ತೋಟಾ ಎಂದರೆ ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಪೆಟ್ಟಿಗೆ ಸಿಡಿಯುವ ಕಿಡಿಮದ್ದು, ಒಳಗೆ ಹಾರುಮದ್ದು, ಬಾಯಲ್ಲಿ ಸೀಸದ ಗುಂಡು, ಈ ನಾಲ್ಕೂ ಒಂದಾಗಿರುವ ವಸ್ತು. ಅದರ ಉದ್ದ, ಸುತ್ತಳತೆ, ಬುಡದ ಅಂಚು ಎಲ್ಲವೂ ಆ ಪಿಸ್ತೂಲಿನ ಕುಳಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಲಾಂದ್ರದ ಗಾಜು ಒಡೆದುಹೋಗಿ ಅದೇ ಅಳತೆಯ ಗಾಜು ಪೇಟೆಯಲ್ಲಿ ಸಿಕ್ಕದಿದ್ದರೆ, ಎಣ್ಣೆಯೂ ಬತ್ತಿಯೂ ಇದ್ದರೂ ದೀಪವು ಅಟ್ಟವನ್ನು ಸೇರುವುದಿಲ್ಲವೆ? ಹಾಗೆಯೇ ಇದು.

ಇನ್ನು, ತೋಟಾಗಳು ಪೇಟೆಯಿಂದ ಮಾಯವಾಗುವುದು ಹೇಗೆ ಎಂಬುದನ್ನು ನೋಡೋಣ. ಮೊದಲನೆಯ ಕಾರಣವು ಅದಕ್ಕಿಂತ ಉತ್ತಮವಾದುದು ಹುಟ್ಟುವುದು. ಪ್ಯಾರಿಸ್ಸಿನ ಲೆಫೋಷೆ ಎಂಬಾತನು 1830ರ ದಶಕದಲ್ಲಿ ಕಡ್ಡಿತೋಟಾವನ್ನು ಕಂಡುಹಿಡಿದನು. ಕೋಶದ ಬುಡದ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿಯು ಹೊರಗೆ ಚಾಚಿಕೊಂಡಿರುತ್ತಿದ್ದಿತು. ಸುತ್ತಿಗೆಯು ಆ ಕಡ್ಡಿಯನ್ನು ಬಡಿದರೆ ಗುಂಡು ಹಾರುತ್ತಿದ್ದಿತು. ಆದರೆ ಜೇಬಿನಲ್ಲಿರುವಾಗ ಕಡ್ಡಿಗೆ ಏಟು ತಗುಲಿದರೂ ಅದೇ ಅನಾಹುತ! ಬುಡದ ನಡುವೆ ಕಿಡಿಮದ್ದನ್ನಿಡುವ ಕ್ರಮವು ಬಂದ ಮೇಲೆ ಕಡ್ಡಿತೋಟಾವನ್ನು ಕೇಳುವವರಿಲ್ಲವಾದರು.

ಎರಡನೆಯದು ಮದ್ದಿನ ಬದಲಾವಣೆ. ಹಿಂದಿನ ಕರಿಮದ್ದು ದಟ್ಟವಾದ ಹೊಗೆಯನ್ನು ಕಾರಿ ನಳಿಗೆಯಲ್ಲಿ ಮಸಿ ಕಟ್ಟಿಸುತ್ತಿದ್ದಿತು. 1884ರಲ್ಲಿ ಫ್ರಾನ್ಸ್ ದೇಶದ ಪಾಲ್ ವಿಯೇಯ್ ಎಂಬಾತನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. 1889ರಲ್ಲಿ ಇಂಗ್ಲೆಂಡಿನವರು ಕಾರ್ಡೈಟನ್ನು ಮಾಡಿದರು. ಹೊಸ ಮದ್ದು ಅಲ್ಪಪ್ರಮಾಣದಲ್ಲಿಯೇ ಅಧಿಕ ಬಲವನ್ನು ಕೊಡುವುದರಿಂದ ದೊಡ್ಡ ಕೋಶಗಳ ಅಗತ್ಯವು ತಪ್ಪಿತು. ನಮ್ಮ .455ರ ತೋಟಾವೂ 1891ರಲ್ಲಿ ಕರಿಮದ್ದಿನಿಂದಲೇ ಬಾಳನ್ನು ಆರಂಭಿಸಿ, ಆ ದಶಕದಲ್ಲಿಯೇ ಕಾರ್ಡೈಟಿಗೆ ತಿರುಗಿ, ಕೋಶವನ್ನು ಗಿಡ್ಡಮಾಡಿಕೊಂಡು ಬದುಕಿತು. ಹಾಗೆ ಹೊಂದಿಕೊಳ್ಳಲಾರದ ಎಷ್ಟೋ ಅಳತೆಗಳು ಹಳೆಯ ಮದ್ದಿನೊಡನೆಯೇ ಮರೆಯಾದುವು.

ಮೂರನೆಯ ಕಾರಣವು ಸೈನ್ಯದ ಒಲವು. ಸೈನ್ಯವು ಯಾವ ತೋಟಾವನ್ನು ಕೈಹಿಡಿಯುವುದೋ ಅದನ್ನು ಕಾರ್ಖಾನೆಗಳು ಕೋಟಿಗಟ್ಟಲೆ ಮಾಡುತ್ತವೆ; ಕೈಬಿಟ್ಟುದಕ್ಕೆ ಯಂತ್ರವನ್ನು ಸಜ್ಜುಗೊಳಿಸುವವರಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿದ್ದುದು .455ರ ವೆಬ್ಲಿಯೇ. ಆದರೆ ಅದು ಭಾರವೆಂದೂ, ಹೊಸಬರು ಅದರಲ್ಲಿ ಗುರಿಯನ್ನು ಕಲಿಯುವುದು ಕಷ್ಟವೆಂದೂ ಕಂಡುದರಿಂದ 1932ರಲ್ಲಿ .380ರ ಹಗುರವಾದ ರಿವಾಲ್ವರು ಬಂದಿತು. 1947ರಲ್ಲಿ .455ಕ್ಕೆ ಪೂರ್ಣ ವಿಶ್ರಾಂತಿ ದೊರೆಯಿತು. ಬಳಿಕ .380ನ್ನೂ ಹಿಂದೆ ತಳ್ಳಿ, 1908ರಲ್ಲಿಯೇ ಜರ್ಮನ್ ಸೈನ್ಯವು ಸ್ವೀಕರಿಸಿದ್ದ 9 ಮಿಲಿಮೀಟರಿನ ತೋಟಾವು ಲೋಕವನ್ನೆಲ್ಲ ಆಕ್ರಮಿಸಿತು. ನಮ್ಮ ಭಾರತ ಸೈನ್ಯದ ಪಿಸ್ತೂಲೂ ಅದೇ ಅಳತೆಯದು.

ನಾಲ್ಕನೆಯ ಕಾರಣವು ರಾಜಶಾಸನ. ನಮ್ಮ ದೇಶದಲ್ಲಿ ಇದೇ ಎಲ್ಲಕ್ಕಿಂತ ಪ್ರಬಲವಾದುದು. 1907ರಲ್ಲಿ ಬ್ರಿಟಿಷ್ ಸರ್ಕಾರವು .450 ಅಳತೆಯ ಬೇಟೆಯ ರೈಫಲುಗಳು ಭಾರತಕ್ಕೆ ಬರಕೂಡದೆಂದು ವಿಧಿಸಿತು. ಅವುಗಳ ಸಾಮಗ್ರಿಯು ದಂಗೆಯೇಳುವವರ ಕೈಯಲ್ಲಿದ್ದ ಹಳೆಯ ಸೈನ್ಯದ ಬಂದೂಕುಗಳಿಗೆ ಒದಗೀತೆಂಬ ಭಯವೇ ಇದಕ್ಕೆ ಕಾರಣ. ಲಂಡನ್ನಿನ ಬಂದೂಕುಗಾರರು ಸುಮ್ಮನಿರದೆ .465, .470, .475 ಎಂದು ಹೊಸ ಅಳತೆಗಳನ್ನು ಸೃಷ್ಟಿಸಿದರು. ಒಂದು ಸರ್ಕಾರದ ಅಪ್ಪಣೆಯಿಂದ ಒಂದು ತೋಟಾ ಕುಗ್ಗಿ ಮೂರು ನಾಲ್ಕು ಹುಟ್ಟಿದುವು! ಸ್ವತಂತ್ರ ಭಾರತದಲ್ಲಿ 1959ರ ಆಯುಧ ಕಾಯಿದೆಯೂ 1962ರ ನಿಯಮಗಳೂ ಜಾರಿಗೆ ಬಂದಾಗ, .380 ಮತ್ತು .455ರ ಅಂಚುಳ್ಳ ತೋಟಾಗಳನ್ನೂ, ಸೈನ್ಯದ 9 ಮಿಲಿಮೀಟರು ಹಾಗೂ .45ರ ತೋಟಾಗಳನ್ನೂ ಹಾರಿಸಬಲ್ಲ ಪಿಸ್ತೂಲುಗಳು ನಿಷಿದ್ಧ ಅಳತೆಯ ವರ್ಗಕ್ಕೆ ಸೇರಿದುವು. ಅಂಥವುಗಳಿಗೆ ಅನುಮತಿ ಕೊಡತಕ್ಕುದು ಜಿಲ್ಲೆಯ ಅಧಿಕಾರಿಗಳಲ್ಲ, ಕೇಂದ್ರ ಸರ್ಕಾರ. ಸೈನ್ಯದ ತೋಟಾ ಕದ್ದು ಹೊರಬಿದ್ದರೂ ಅದು ಹೊಂದುವ ಪಿಸ್ತೂಲು ಜನರಲ್ಲಿರಕೂಡದೆಂಬುದೇ ಇದರ ತಾತ್ಪರ್ಯವೆಂದು ತೋರುತ್ತದೆ.

ಇದೇ ಶಾಸನವು ಮತ್ತೊಂದು ತೋಟಾಕ್ಕೆ ಆಯುಷ್ಯವನ್ನು ಕೊಟ್ಟಿತು. .32 ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬುದು ಅಮೆರಿಕದಲ್ಲಿ 1896ರಲ್ಲಿ ಹುಟ್ಟಿದುದು. ಅಲ್ಲಿಯ ಜನರು ಇದನ್ನು ಬಲಹೀನವೆಂದು ಬಹುಮಟ್ಟಿಗೆ ಮರೆತಿರುವರು; ಗುರಿಯ ಪಂದ್ಯಗಳಲ್ಲಿ ಮಾತ್ರ ಅದಕ್ಕೆ ಇನ್ನೂ ಮರ್ಯಾದೆಯುಂಟು. ಆದರೆ ನಮ್ಮಲ್ಲಿ ನಿಷೇಧಕ್ಕೆ ಸಿಕ್ಕದ ಅಳತೆಯಾದುದರಿಂದ ಕಾನ್ಪುರದ ಸರ್ಕಾರಿ ಕಾರ್ಖಾನೆಯವರು ಅದಕ್ಕೇ ರಿವಾಲ್ವರುಗಳನ್ನು ಮಾಡಿದರು; 2014ರಲ್ಲಿ ಸ್ತ್ರೀಯರಿಗೆಂದು ಹೊರತಂದ ‘ನಿರ್ಭೀಕ್’ ಎಂಬ ಹಗುರವಾದ ರಿವಾಲ್ವರೂ .32ರದೇ. ತವರಿನಲ್ಲಿ ಮುದುಕಿಯಾದವಳು ಪರದೇಶದ ಮನೆಯಲ್ಲಿ ಯಜಮಾನಿಯಾದಂತಾಯಿತು. ಆದುದರಿಂದ ತೋಟಾ ಉಳಿಯುವುದು ಅದರ ಗುಣದಿಂದಲೇ ಎಂದು ತಿಳಿಯಕೂಡದು.

ಐದನೆಯದು ವ್ಯಾಪಾರದ ವಿಷಚಕ್ರ. ತೋಟಾ ಸಿಕ್ಕದೆಂದು ಜನರು ಪಿಸ್ತೂಲನ್ನು ಕೊಳ್ಳರು. ಪಿಸ್ತೂಲು ಮಾರಾಟವಾಗದೆಂದು ಕಾರ್ಖಾನೆಯವರು ತೋಟಾ ಮಾಡರು. 2003ರಲ್ಲಿ ಗ್ಲಾಕ್ ಕಂಪನಿಯವರು .45 ಗ್ಯಾಪ್ ಎಂಬ ಗಿಡ್ಡ ತೋಟಾವನ್ನು ಹೊರತಂದರು. ಅದರಲ್ಲಿ ದೋಷವೇನೂ ಇರಲಿಲ್ಲ, ಆದರೆ ಹಳೆಯ.45 ಮಾಡುತ್ತಿದ್ದ ಕೆಲಸವನ್ನೇ ಅದೂ ಮಾಡುತ್ತಿದ್ದುದರಿಂದ ಬಲುಬೇಗ ಮೂಲೆಗುಂಪಾಯಿತು. 1986ರಲ್ಲಿ ಮಯಾಮಿ ನಗರದ ಕಾಳಗದಲ್ಲಿ ತಮ್ಮ ಇಬ್ಬರು ಅಧಿಕಾರಿಗಳು ಮಡಿದ ಮೇಲೆ ಅಮೆರಿಕದ ಎಫ್.ಬಿ.ಐ.ನವರು ಹೆಚ್ಚು ಬಲದ ತೋಟಾವನ್ನು ಹುಡುಕಿದರು. ಆ ಹುಡುಕಾಟದ ಫಲವಾಗಿ 1990ರಲ್ಲಿ.40ರ ತೋಟಾ ಬಂದಿತು. ಅನಂತರ ಗುಂಡಿನ ರಚನೆಯೇ ಸುಧಾರಿಸಿದುದರಿಂದ 2015ರ ಹೊತ್ತಿಗೆ ಅವರೇ 9 ಮಿಲಿಮೀಟರಿಗೆ ಮರಳಿದರು.

ಸತ್ತಿತೆಂದುಕೊಂಡುದು ಮತ್ತೆ ಎದ್ದುದೂ ಉಂಟು. ನಮ್ಮ ಕನ್ನಡ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಪರಿಚಿತನಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನನ ಕೈಯಲ್ಲಿದ್ದುದು .405 ವಿಂಚೆಸ್ಟರ್ ರೈಫಲು. 1904ರಲ್ಲಿ ಬಂದ ಆ ತೋಟಾವು ದಶಕಗಳ ಕಾಲ ತಯಾರಿಯಿಲ್ಲದೆ ಉಳಿದು, ಹಳೆಯ ಮಾದರಿಯ ಮೇಲಿನ ಅಭಿಮಾನದಿಂದ ಅಮೆರಿಕದಲ್ಲಿ ಮತ್ತೆ ತಯಾರಾಯಿತು. ಅಂಥ ಭಾಗ್ಯವು ಎಲ್ಲಕ್ಕೂ ಬಾರದು.

ಇನ್ನು ಮೊಮ್ಮಗನ ವಿಚಾರ. ಅಮೆರಿಕದಲ್ಲಿ ಕೆಲವರು ವೆಬ್ಲಿಯ ಉರುಳೆಯ ಹಿಂಬದಿಯನ್ನು ತರಿದು .45ರ ತೋಟಾವನ್ನು ಕೂರಿಸಿದ್ದುಂಟು. ಆದರೆ ಆ ತೋಟಾದ ಒತ್ತಡವು ವೆಬ್ಲಿಯು ತಾಳಬೇಕೆಂದು ಪರೀಕ್ಷಿಸಲ್ಪಟ್ಟ ಒತ್ತಡವನ್ನು ಮೀರುವಂಥದು. ಉರುಳೆಯು ಒಡೆದರೆ ಹಾರಿಸುವವನ ಕೈಯೂ ಕಣ್ಣೂ ಹೋಗುವುವು. ಸಂಖ್ಯೆಗಳನ್ನು ನಂಬಿ ಮೋಸಹೋಗಬಾರದು. ತೋಟಾದ ಸಂಖ್ಯೆಯು ಅದರ ಹೆಸರೇ ಹೊರತು ಅಳತೆಯಲ್ಲ. .38 ಸ್ಪೆಷಲ್ ಎಂಬುದರ ಗುಂಡಿನ ನಿಜವಾದ ಸುತ್ತಳತೆಯ ವ್ಯಾಸವು .357 ಅಂಗುಲ! ಪೆಟ್ಟಿಗೆಯ ಮೂಲೆಯಲ್ಲಿ ಉಳಿದ ಹಳೆಯ ತೋಟಾಗಳನ್ನೂ ಪರೀಕ್ಷಿಸಹೋಗಬಾರದು. ಕುದುರೆಯನ್ನೆಳೆದಾಗ ಹಾರದೆ, ಕ್ಷಣಹೊತ್ತು ತಡೆದು ಹಾರುವುದೂ ಉಂಟು. ಇಷ್ಟಲ್ಲದೆ, ಅಪ್ಪಣೆಯಿಲ್ಲದೆ ತೋಟಾ ತರಿಸುವುದು ಸೆರೆಮನೆಯ ದಾರಿ. ಇದನ್ನೆಲ್ಲ ನಾವು ಹುಡುಗನಿಗೇ ಕೂರಿಸಿಕೊಂಡು ಹೇಳಿದೆವು. ಅವನು ಬುದ್ಧಿವಂತ; ಒಪ್ಪಿಕೊಂಡನು.

ಯಜಮಾನರ ಮುಂದೆ ಎರಡು ದಾರಿಗಳಿದ್ದುವು. 2016ರ ಆಯುಧ ನಿಯಮಗಳಂತೆ, ಲೈಸೆನ್ಸುದಾರನಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ತನ್ನ ಜೀವಿತಕಾಲದಲ್ಲಿಯೇ ವಾರಸುದಾರನೊಬ್ಬನನ್ನು ಸೂಚಿಸಬಹುದು. ಅಧಿಕಾರಿಗಳು ಒಪ್ಪಿದರೆ ಲೈಸೆನ್ಸು ಅವನಿಗೆ ದೊರೆಯುವುದು. ಅದು ಬೇಡವಾದರೆ ಆಯುಧವನ್ನು ಒಪ್ಪಿಸಿಬಿಡುವುದು. ಯಾರೂ ಏನನ್ನೂ ಮಾಡದೆ ಯಜಮಾನರ ಕಾಲವು ತೀರಿದರೆ, ಲೈಸೆನ್ಸಿಲ್ಲದ ಆಯುಧವು ಮನೆಯಲ್ಲಿ ಉಳಿಯುವುದು. ಆಗ ಅದನ್ನು ತಡಮಾಡದೆ ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಇಡತಕ್ಕುದೆಂದು ಕಾಯಿದೆಯ 21ನೆಯ ಕಲಮು ವಿಧಿಸುತ್ತದೆ. ದುಃಖದ ದಿನಗಳಲ್ಲಿ ಹೆಂಗಸರ ತಲೆಯ ಮೇಲೆ ಈ ಹೊರೆ ಬೀಳುವುದು ಸರಿಯೇ ಎಂದು ನಾವು ಕೇಳಿದೆವು. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ತಾತ ಇದನ್ನು ಒಂದು ಸಲವೂ ಯಾರ ಮೇಲೂ ಹಾರಿಸಲಿಲ್ಲ. ಹಾಗೆಯೇ ಹೋಗಲಿ,” ಎಂದರು.

ಮರುವಾರ ಅವರು ಪಿಸ್ತೂಲನ್ನೂ, ಉಳಿದಿದ್ದ ಆರು ತೋಟಾಗಳನ್ನೂ ಒಪ್ಪಿಸಿ ರಸೀತಿಯನ್ನು ತಂದರು. ಮಹಾನವಮಿಯ ದಿನ ನಾವು ಅರಿಶಿನ ಕುಂಕುಮಕ್ಕೆಂದು ಹೋದಾಗ, ಈಳಿಗೆಮಣೆಗೂ ಹೊಲಿಗೆಯ ಯಂತ್ರಕ್ಕೂ ನಡುವೆ ಆ ಪಿಸ್ತೂಲಿನ ಬರಿದಾದ ಚರ್ಮದ ಒರೆಯು ಸೇವಂತಿಗೆ ಹೂವನ್ನು ಮುಡಿದು ಕುಳಿತಿದ್ದಿತು. ಗೃಹಿಣಿಯವರ ಮುಖದಲ್ಲಿ ನೆಮ್ಮದಿಯಿದ್ದಿತು. ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಮೂಕ ಆಯುಧವಿದ್ದರೆ, ಅದರ ಕಾಗದಪತ್ರಗಳನ್ನು ಈ ತಿಂಗಳೇ ಒಮ್ಮೆ ತೆಗೆದು ನೋಡಬೇಕೆಂದು ನಮ್ಮ ವಿಜ್ಞಾಪನೆ.